33 ಇಂಚಿನ ಗೀರು: ಜಗಳೂರು ಸೀಮೆಯ ಬಡಗಿಯೊಬ್ಬರ ಬದುಕನ್ನು ದಾಖಲಿಸಿದ ಪ್ರಕರಣ

ನನ್ನ ಹೆಂಡತಿಯ ತಂದೆ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಬಡಗಿಯಾಗಿದ್ದರು. 2022ರ ಮಳೆಗಾಲದಲ್ಲಿ ತೀರಿಕೊಂಡರು. ವರ್ಷದ ಕಾರ್ಯದ ಹೊತ್ತಿಗೆ ಅವರ ಕುರಿತು ಒಂದು ಚಿಕ್ಕ ಸ್ಮರಣ ಪುಸ್ತಿಕೆ ಅಚ್ಚು ಹಾಕಿಸಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನೆಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ದಾರಿ ತಪ್ಪಿತು, ಯಾರಿಂದ ಸರಿಹೋಯಿತು, ಕೊನೆಗೆ ಪುಸ್ತಿಕೆ ಯಾವ ಉಪಯೋಗಕ್ಕೆ ಬಂತು ಎಂಬುದನ್ನು ಇಲ್ಲಿ ಆದಷ್ಟು ವಿವರವಾಗಿ ಬರೆದಿಡುತ್ತಿದ್ದೇನೆ. ಓದು ಬರಹಕ್ಕಿಂತ ಕೈಯನ್ನೇ ನಂಬಿ ಬದುಕಿದ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಅವರು ಹೋದ ಮೇಲೆ ಏನನ್ನು ಬರೆಯಬೇಕೆಂದು ತೋಚದೆ ಕುಳಿತವರಿಗೆ ಈ ಒಂದು ಪ್ರಕರಣದ ವಿವರ ಪ್ರಯೋಜನಕ್ಕೆ ಬರಬಹುದೆಂಬುದು ನನ್ನ ನಂಬಿಕೆ.

ಮೊದಲ ಕರಡು

ನಾನು ಮೊದಲು ಬರೆದದ್ದು ಎರಡೂವರೆ ಪುಟ. ಸರಳ ಜೀವಿ, ಕಾಯಕನಿಷ್ಠರು, ಅಜಾತಶತ್ರು, ತುಂಬು ಸಂಸಾರಿ, ಕಷ್ಟಸಹಿಷ್ಣು ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಅವುಗಳಲ್ಲಿ ಒಂದೂ ಸುಳ್ಳಲ್ಲ. ರಾತ್ರಿ ಊಟವಾದ ಮೇಲೆ ಓದಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಮೈದುನ ತಲೆಯಾಡಿಸಿದ. ನನ್ನ ಹೆಂಡತಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಯಾರಿಗೆ ಬೇಕಾದ್ರೂ ಆಗುತ್ತೆ ಕಣ್ರೀ. ನಮ್ಮಪ್ಪ ಇದ್ರಾಗೆ ಎಲ್ಲೈತೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆ ಮನೆಗೆ ಹೋಗಿ ಬಂದು ಮಾಡಿದ್ದ ನನಗೆ ಮಾವನವರು ಒಳ್ಳೆಯವರೆಂದು ಗೊತ್ತಿತ್ತೇ ಹೊರತು ಅವರು ದಿನವಿಡೀ ಏನು ಮಾಡುತ್ತಿದ್ದರೆಂಬುದು ಗೊತ್ತಿರಲಿಲ್ಲ. ಒಬ್ಬ ಬಡಗಿಯನ್ನು ಇನ್ನೊಬ್ಬ ಬಡಗಿಯಿಂದ ಬೇರೆ ಮಾಡುವುದು ಅವರ ಸ್ವಭಾವದ ಹೊಗಳಿಕೆಯಲ್ಲ; ಮರದ ಮೇಲೆ ಅವರ ಕೈ ತೆಗೆದುಕೊಂಡ ನಿರ್ಧಾರಗಳು. ಆ ನಿರ್ಧಾರಗಳನ್ನು ಹುಡುಕದೆ ಅವರ ಬದುಕನ್ನು ಬರೆಯಲಾಗದು ಎಂಬ ತೀರ್ಮಾನಕ್ಕೆ ಆ ರಾತ್ರಿಯೇ ಬಂದೆವು. ಕರಡನ್ನು ಪಕ್ಕಕ್ಕಿಟ್ಟೆವು.

ಕಾಗದಗಳಲ್ಲಿ ಸಿಕ್ಕಿದ್ದು

ಕಾಗದಪತ್ರಗಳಲ್ಲಿ ಸಿಕ್ಕಿದ್ದು ಕಡಿಮೆ. ಆಧಾರ್ ಕಾರ್ಡಿನಲ್ಲಿ ಜನ್ಮದಿನ 1948ರ ಜನವರಿ 1 ಎಂದಿತ್ತು. ಹುಟ್ಟಿದ ದಿನ ತಿಳಿಯದ ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಕಾರ್ಡಿನಲ್ಲಿ ಇರುವುದು ಇದೇ ಜನವರಿ 1. ಆದರೆ ಅವರು ನಾಲ್ಕನೆಯ ತರಗತಿಯಲ್ಲಿದ್ದಾಗ ಏಕೀಕರಣದ ಸಂಭ್ರಮಕ್ಕೆ ಶಾಲೆಯಲ್ಲಿ ಬೆಲ್ಲ ಹಂಚಿದ್ದನ್ನು ಮಕ್ಕಳಿಗೆ ಹಲವು ಸಲ ಹೇಳಿದ್ದರು. ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಹಾಗಾಗಿ ಅವರು ಹುಟ್ಟಿದ್ದು 1946ರ ಆಸುಪಾಸಿನಲ್ಲಿ ಎಂದು ಇಟ್ಟುಕೊಂಡೆವು. ನಾಲ್ಕನೆಯ ತರಗತಿಯ ಆ ವರ್ಷವೇ ಶಾಲೆ ಬಿಟ್ಟು ತಂದೆಯ ಹಿಂದೆ ಉಳಿ, ಬಾಚಿಗಳ ಚೀಲ ಹೊತ್ತುಕೊಂಡು ಹೋದರು. ಮನೆಯ ಹಳೆಯ ಕಾಗದಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದೂ 1997ರ ನಂತರದವುಗಳಲ್ಲಿ ದಾವಣಗೆರೆ ಜಿಲ್ಲೆ ಎಂದೂ ಇದೆ. ಮನೆ ಇದ್ದಲ್ಲೇ ಇತ್ತು, ಆ ವರ್ಷದ ಆಗಸ್ಟ್ 15ರಂದು ಜಿಲ್ಲೆ ಒಡೆದು ಹೊಸ ಜಿಲ್ಲೆಯಾಯಿತು.

ವಸ್ತುಗಳ ಪಟ್ಟಿ

ಕಾಗದ ಮುಗಿದ ಮೇಲೆ ಅವರು ಮಾಡಿದ ವಸ್ತುಗಳನ್ನು ಹುಡುಕಲು ಹೊರಟೆವು. ನಾಲ್ಕು ತಿಂಗಳ ಕಾಲ ಭಾನುವಾರಗಳಲ್ಲಿ ಊರಿನ ಮತ್ತು ಸುತ್ತಲಿನ ಐದು ಹಳ್ಳಿಗಳ ಮನೆಗಳಿಗೆ ಹೋದೆವು. ಅಲ್ಲಿ ಜನ ತೋರಿಸಿದ್ದರಲ್ಲಿ ಒಂಬತ್ತನ್ನು ಕೈಬಿಟ್ಟು 41 ವಸ್ತುಗಳನ್ನು ಪಟ್ಟಿಗೆ ಸೇರಿಸಿದೆವು: ಎರಡು ಗಾಡಿ, ಆರು ಕೂರಿಗೆ (ಎತ್ತು ಎಳೆಯುವ ಬಿತ್ತನೆಯ ಸಾಧನ), ಹದಿನಾಲ್ಕು ಬಾಗಿಲು, ಐದು ತೊಟ್ಟಿಲು, ಉಳಿದವು ಮಣೆ, ಒನಕೆ, ಕಡಗೋಲು, ಪೆಟ್ಟಿಗೆಗಳು. ಕೈಬಿಟ್ಟ ಒಂಬತ್ತು ಅವರ ಕೈಯವಲ್ಲ ಎಂದು ಹೇಳಿದವಳು ನನ್ನ ಹೆಂಡತಿ. ಬಾಗಿಲಿನ ಚೌಕಟ್ಟಿನ ಮೂಲೆಯ ಕೂಡಿಗೆ ಬಹಳ ಜನ ಒಂದೇ ಬಿದಿರಿನ ಬೆಣೆ ಹೊಡೆಯುತ್ತಾರೆ. ಮಾವನವರು ಎರಡು ಹೊಡೆಯುತ್ತಿದ್ದರು, ಅದೂ ಒಂದರ ನೇರಕ್ಕೆ ಇನ್ನೊಂದಲ್ಲ, ಸ್ವಲ್ಪ ಓರೆಗೆ. ಎರಡೂ ಒಂದೇ ಎಳೆಯ ಮೇಲೆ ಬಿದ್ದರೆ ಮರ ಸೀಳುತ್ತದೆ ಎಂಬುದು ಅದಕ್ಕೆ ಕಾರಣ. ಮನೆಯೊಡೆಯರು "ನಿಮ್ಮಪ್ಪನೇ ಮಾಡಿದ್ದು" ಎಂದು ಎಷ್ಟು ಪ್ರೀತಿಯಿಂದ ಹೇಳಿದರೂ ಬೆಣೆ ನೋಡದೆ ಅವಳು ಒಪ್ಪಲಿಲ್ಲ. ಈ ಕಟ್ಟುನಿಟ್ಟು ಸರಿಯೆಂದೇ ನಾನು ಈಗಲೂ ಹೇಳುತ್ತೇನೆ. ಬೇರೆಯವರ ಕೆಲಸವನ್ನು ಸೇರಿಸಿ ಪಟ್ಟಿ ಬೆಳೆಸಿದರೆ ಆ ಬೇರೆಯ ಬಡಗಿಗೂ ಅನ್ಯಾಯ, ನಮ್ಮವರಿಗೂ ಅನ್ಯಾಯ.

ಬೇವಿನ ಬಾಗಿಲುಗಳು ಬಡವರ ಮನೆಯಲ್ಲಿ, ತೇಗದವು ಉಳ್ಳವರ ಮನೆಯಲ್ಲಿ ಇದ್ದವು. ಬೆಣೆ ಎರಡರಲ್ಲೂ ಎರಡೇ.

ಎರಡು ಗಾಡಿಗಳಲ್ಲಿ ಒಂದರ ಗಾಲಿ ಇನ್ನೂ ಗಟ್ಟಿಯಾಗಿತ್ತು. ಐದು ಅಡಿ ವ್ಯಾಸ, ನಡುವಿನಿಂದ ಅಂಚಿಗೆ ಹೋಗುವ ಹನ್ನೆರಡು ಅರೆ, ಸುತ್ತಲೂ ಆರು ಬಾಗಿದ ತುಂಡು, ನಡುವೆ ಕರಿಜಾಲಿಯ ಗುಂಬ. ಜಾಲಿಯನ್ನು ಕಡಿದ ಕೂಡಲೇ ಅವರು ಕೆಲಸಕ್ಕೆ ಹಿಡಿಯುತ್ತಿರಲಿಲ್ಲ. ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯ ಕೆಸರಿನಲ್ಲಿ ಹೂತಿಟ್ಟು, ಮರದೊಳಗಿನ ರಸ ನೀರಿಗಿಳಿದು ಹುಳ ಹಿಡಿಯದಂತಾದ ಮೇಲೆ ತೆಗೆದು ನೆರಳಲ್ಲಿ ಒಣಗಿಸುತ್ತಿದ್ದರು. ಗಾಲಿಗೆ ಕಬ್ಬಿಣದ ಹಳಿ ಹಾಕುವ ದಿನ ಕಮ್ಮಾರರ ಜೊತೆ ಸೇರಿ ಮಾಡುತ್ತಿದ್ದ ಕೆಲಸವನ್ನು ಊರಿನ ಹಿರಿಯರೊಬ್ಬರು ನಮಗೆ ಹೆಜ್ಜೆ ಹೆಜ್ಜೆಯಾಗಿ ಹೇಳಿದರು. ಐದು ಅಡಿಯ ಗಾಲಿಯ ಸುತ್ತಳತೆ ಸುಮಾರು 15 ಅಡಿ 8 ಇಂಚು. ಹಳಿಯ ಸುತ್ತಳತೆಯನ್ನು ಅದಕ್ಕಿಂತ ಮುಕ್ಕಾಲು ಇಂಚಿನಷ್ಟು ಕಡಿಮೆ ಇಟ್ಟು ಬೆಸುಗೆ ಹಾಕುತ್ತಾರೆ. ಅದನ್ನು ನೆಲದ ಮೇಲೆ ಮಲಗಿಸಿ, ಮೇಲೆ ಕೆಳಗೆ ಕುರುಳು (ಬೆರಣಿ) ಒಟ್ಟಿ ಬೆಂಕಿ ಹಾಕಿದಾಗ ಕಬ್ಬಿಣ ಕೆಂಪೇರಿ ಒಂದು ಇಂಚಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಆಗ ಇಕ್ಕಳದಿಂದ ಎತ್ತಿ ಗಾಲಿಗೆ ಇಳಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಹೊಯ್ಯಬೇಕು. ಹಳಿ ಕುಗ್ಗುತ್ತ ಹೋದಂತೆ ಹನ್ನೆರಡೂ ಅರೆಗಳು ಗುಂಬದೊಳಕ್ಕೆ ಒತ್ತಿ ಕಿರುಗುಟ್ಟುತ್ತವೆ. ಆ ಸದ್ದನ್ನು ಮಾವನವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರಂತೆ. ಹನ್ನೆರಡು ಕಡೆಯಿಂದಲೂ ಸದ್ದು ಬಂದರೆ ಗಾಲಿ ಸರಿ. ಒಂದು ಅರೆ ಮೂಕವಾಗಿದ್ದರೆ ಅದು ಸಡಿಲ, ಮತ್ತೆ ಬಿಚ್ಚಬೇಕು. ಅವರ ಕಿವಿಯನ್ನು ನಾವು ದಾಖಲಿಸಲಾರೆವು. ಹೀಗೆ ಕೇಳುತ್ತಿದ್ದರೆಂಬುದನ್ನು ಪುಸ್ತಿಕೆಯಲ್ಲಿ ಬರೆದೆವು.

ಕೂರಿಗೆ ಮತ್ತು ಅಳತೆಗೋಲು

ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ನಮ್ಮ ಜಗಳೂರು ಸೀಮೆ ಮಳೆಯನ್ನೇ ನಂಬಿದ್ದು. ಶೇಂಗಾ, ಜೋಳ, ಸಜ್ಜೆ, ಈಚೆಗೆ ಮೆಕ್ಕೆಜೋಳ. ಇಂಥ ಕಡೆ ಬಡಗಿಯ ಹೆಸರು ಉಳಿಯುವುದು ಬಾಗಿಲಿನಿಂದಲ್ಲ, ಕೂರಿಗೆಯಿಂದ. ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆ ಆ ಹದ ಆರುವುದರೊಳಗೆ ಬಿತ್ತನೆ ಮುಗಿಯಬೇಕು. ಆ ಎರಡು ಮೂರು ದಿನಗಳಲ್ಲಿ ಕೂರಿಗೆಯ ತಾಳು (ನೆಲ ಸೀಳುವ ಕಾಲು) ಮುರಿದರೆ ಒಂದು ಮನೆಯ ವರ್ಷದ ಅನ್ನಕ್ಕೇ ಕುತ್ತು. ಹಾಗಾಗಿ ಹದದ ದಿನಗಳಲ್ಲಿ ರಾತ್ರಿಯೆಲ್ಲ ಅವರ ಮನೆಯ ಮುಂದೆ ಲಾಟೀನು ಉರಿಯುತ್ತಿತ್ತು. ಇದಕ್ಕೆ ಆಗಿಂದಾಗ ದುಡ್ಡು ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಆಯವೆಂದು ಅಳೆದು ಕೊಡುವ ಕಾಳೇ ಕೂಲಿ.

ಅವರ ಕೂರಿಗೆಗಳಲ್ಲಿ ನಾವು ಹತ್ತಿರದಿಂದ ನೋಡಿದ್ದು ಬೀಜ ಬಿಡುವ ಬಟ್ಟಲನ್ನು. ಮೂರು ತಾಳಿನ ಕೂರಿಗೆಯ ಬಟ್ಟಲಿನ ತಳದಲ್ಲಿ ಮೂರು ತೂತು, ಒಂದೊಂದರಿಂದ ಒಂದೊಂದು ಬಿದಿರಿನ ಕೊಳವೆ ತಾಳಿಗೆ ಇಳಿಯುತ್ತದೆ. ಹಿಂದೆ ನಡೆಯುವ ಹೆಣ್ಣುಮಗಳು ಮುಷ್ಟಿಯಿಂದ ಬಟ್ಟಲಿಗೆ ಬೀಜ ಬಿಡುತ್ತ ಹೋಗುತ್ತಾಳೆ. ತೂತುಗಳು ಸಮನಾಗಿಲ್ಲದಿದ್ದರೆ ಒಂದು ಸಾಲು ದಟ್ಟ, ಒಂದು ಸಾಲು ಬರಿದು. ಅವರು ಹೊಸ ಕೂರಿಗೆಯನ್ನು ಕೊಡುವ ಮೊದಲು ಅಂಗಳದಲ್ಲಿ ನಿಲ್ಲಿಸಿ, ಪ್ರತಿ ತಾಳಿನ ಕೆಳಗೆ ಒಂದು ಮೊರವಿಟ್ಟು, ಅತ್ತೆಯ ಕೈಯಲ್ಲಿ ಬೀಜ ಬಿಡಿಸಿ, ಮೂರೂ ಮೊರದ ಕಾಳು ಎಣಿಸುತ್ತಿದ್ದರು. ಎಣಿಸುವ ಕೆಲಸ ಮಕ್ಕಳದು. ನನ್ನ ಹೆಂಡತಿ ಲೆಕ್ಕ ಕಲಿತದ್ದೇ ಆ ಮೊರಗಳ ಮುಂದೆ ಕುಳಿತು. ಎರಡು ಕಾಳಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ಬಂದ ತೂತನ್ನು ಅರದಿಂದ ಉಜ್ಜಿ, ಮತ್ತೆ ಬಿಡಿಸಿ, ಮತ್ತೆ ಎಣಿಸುವುದು.

2022ರ ಮಹಾನವಮಿಯಲ್ಲಿ ಪೂಜೆಗೆಂದು ಅವರ ಪೆಟ್ಟಿಗೆಯ ಸಾಮಾನುಗಳನ್ನೆಲ್ಲ ಹೊರಗೆ ತೆಗೆದು ಒರೆಸುವಾಗ ನಾಲ್ಕು ಅಡಿ ಉದ್ದದ ಬೀಟೆಯ ಅಳತೆಗೋಲು ಸಿಕ್ಕಿತ್ತು. ಅದರಲ್ಲಿ ಅಂಕಿಗಳಿಲ್ಲ, ಏಳು ಗೀರುಗಳಿವೆ. ಪುಸ್ತಿಕೆಯ ಕೆಲಸ ಶುರುವಾದ ಮೇಲೆ ಒಂದೊಂದನ್ನೂ ಅಳೆದು ನೋಡಿದೆವು. 12 ಇಂಚಿನದು ಶೇಂಗಾ ಸಾಲಿಗೆ, 18 ಇಂಚಿನದು ಜೋಳಕ್ಕೆ, 24 ಇಂಚಿನದು ಮೆಕ್ಕೆಜೋಳಕ್ಕೆ. ತಾಳಿನಿಂದ ತಾಳಿಗೆ ಇರಬೇಕಾದ ಅಂತರ. ಕೃಷಿ ಇಲಾಖೆಯವರು ಈ ಬೆಳೆಗಳಿಗೆ ಹೇಳುವ 30, 45, 60 ಸೆಂಟಿಮೀಟರ್ ಇವೇ. ಮೆಕ್ಕೆಜೋಳದ ಗೀರು ಮಾತ್ರ ಬೇರೆಯವುಗಳಿಗಿಂತ ಹೊಸದಾಗಿ, ಅಂಚು ಚೂಪಾಗಿದೆ. ನಮ್ಮ ಹೊಲಗಳಿಗೆ ಆ ಬೆಳೆ ತಡವಾಗಿ ಬಂತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ಇನ್ನೆರಡು ಗೀರು ನೊಗದ ಅಳತೆಗಳು, ಒಂದು ಅರೆಯ ಉದ್ದ. ಏಳನೆಯದು, 33 ಇಂಚಿನದು, ಯಾವುದಕ್ಕೂ ಹೊಂದಲಿಲ್ಲ. ಎಲ್ಲ ಗೀರುಗಳಿಗಿಂತ ಹೆಚ್ಚು ಸವೆದದ್ದು ಅದೇ.

ದಾವಣಗೆರೆಯ ಹನ್ನೊಂದು ವರ್ಷ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿನಲ್ಲಿ ಟೈರ್ ಗಾಡಿಗಳು ಬಂದಿದ್ದವು, ಟ್ರ್ಯಾಕ್ಟರ್ ಬಿತ್ತನೆಯೂ ಕಾಲಿಟ್ಟಿತ್ತು. ಆಯ ಕೊಡುವ ಮನೆಗಳು ವರ್ಷ ವರ್ಷಕ್ಕೂ ಕಡಿಮೆಯಾದವು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಮೂವರೂ ಓದುತ್ತಿದ್ದರು. 1994ರಲ್ಲಿ ಅವರು ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಕೋಣೆ ಹಿಡಿದು, ಕುರ್ಚಿ, ಮಂಚ, ಕಿಟಕಿ ಮಾಡುವ ಅಂಗಡಿಯೊಂದರಲ್ಲಿ ಕೂಲಿಗೆ ಸೇರಿದರು. ಶನಿವಾರ ರಾತ್ರಿಯ ಬಸ್ಸಿಗೆ ಊರು, ಭಾನುವಾರ ಊರಿನವರ ರಿಪೇರಿ ಕೆಲಸ, ಸೋಮವಾರ ಬೆಳಗಿನ ಬಸ್ಸಿಗೆ ಮತ್ತೆ ದಾವಣಗೆರೆ. ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಮದುವೆ ಆದದ್ದೂ ಆ ವರ್ಷಗಳ ಮೊದಲಿನಲ್ಲೇ. ಬರುವಾಗಲೆಲ್ಲ ಮಕ್ಕಳಿಗೆ ಮಂಡಕ್ಕಿ ಪೊಟ್ಟಣ ತರುತ್ತಿದ್ದರೆಂದು ಮೂವರೂ ಹೇಳುತ್ತಾರೆ.

1999ರಲ್ಲಿ ಅಂಗಡಿಯ ವಿದ್ಯುತ್ ಗರಗಸಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ಗರಗಸದ ಮೇಲೆ ಇರಬೇಕಾದ ಮುಚ್ಚಳವನ್ನು ಕೆಲಸ ಬೇಗ ಸಾಗಲೆಂದು ಬಿಚ್ಚಿಟ್ಟಿದ್ದರು. ಮಾಲೀಕರು ಪಟ್ಟಿ ಕಟ್ಟಿಸಿದ ಖರ್ಚು ಕೊಟ್ಟರು, ಮತ್ತೇನೂ ಕೊಡಲಿಲ್ಲ. 1923ರಷ್ಟು ಹಿಂದೆಯೇ ಬಂದ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯಲ್ಲಿ ಯಾವ ಬೆರಳು, ಎಷ್ಟು ಗೆಣ್ಣು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ ಎಷ್ಟು ನಷ್ಟವೆಂದು ಲೆಕ್ಕ ಹಿಡಿಯುವ ಪಟ್ಟಿಯೇ ಇತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದವನು ನಾನು, ಓದಿದ ಅಳಿಯ. ನಾನೂ ವಿಚಾರಿಸಲಿಲ್ಲ, ಆಸ್ಪತ್ರೆಗೆ ಹೋಗಿ ಹಣ್ಣು ಕೊಟ್ಟು ಬಂದೆ. ಪುಸ್ತಿಕೆಯಲ್ಲಿ ಇದನ್ನು ಬಿಡಬೇಕೆಂದು ಕೆಲವರು ಹೇಳಿದರು. ಅವರ ನಂತರದ ಕೆಲಸವನ್ನು ಅರ್ಥಮಾಡಿಕೊಳ್ಳಲು ಇದು ಬೇಕೇ ಬೇಕೆಂದು ನಾನು ಬಿಡಲಿಲ್ಲ. 1999ರ ನಂತರ ಅವರು ಮಾಡಿದ ತೊಟ್ಟಿಲುಗಳ ಕೆತ್ತನೆಯಲ್ಲಿ ಉಳಿಯ ಗುರುತುಗಳು ಒಂದೇ ಕಡೆಯಿಂದ ಬಿದ್ದಿವೆ. ಎಡಗೈಯ ಹಿಡಿತ ಹೋದದ್ದರಿಂದ ಉಳಿಯನ್ನು ತಿರುಗಿಸುವ ಬದಲು ಮರವನ್ನೇ ತಿರುಗಿಸಿ ತಿರುಗಿಸಿ ಕೆತ್ತುವುದನ್ನು, ಐವತ್ತು ದಾಟಿದ ವಯಸ್ಸಿನಲ್ಲಿ, ಹೊಸದಾಗಿ ಕಲಿತಿದ್ದರು. ನಮ್ಮ ಮಗಳು ಮಲಗಿದ ತೊಟ್ಟಿಲೂ ಅವುಗಳಲ್ಲಿ ಒಂದು.

ಕಲಿತವರು ಯಾರು

ಮೈದುನನಿಗೆ ಒಂದು ಕೊರಗಿತ್ತು. ಅವನೀಗ ಚಳ್ಳಕೆರೆ ಕಡೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅಪ್ಪ ತನಗೆ ಉಳಿ ಮುಟ್ಟಲು ಬಿಡಲಿಲ್ಲ, ತನ್ನಲ್ಲಿ ಏನು ಕೊರತೆ ಕಂಡರೋ ಎಂಬುದು ಅವನ ಮಾತು. ಅತ್ತೆ ಹೇಳಿದ್ದು ಬೇರೆ: ಸುಗ್ಗಿಯ ಒಂದು ವರ್ಷ ಹನ್ನೆರಡು ಕಣಕ್ಕೆ ಹೋಗಿ ಮೂರರಲ್ಲಿ ಮಾತ್ರ ಆಯ ಸಿಕ್ಕ ರಾತ್ರಿ, "ಇದು ನನ್ನ ಕೈಗೇ ಮುಗೀಲಿ" ಎಂದಿದ್ದರಂತೆ. ಮಗನನ್ನು ದೂರವಿಟ್ಟದ್ದು ಕೊರತೆ ಕಂಡಲ್ಲ, ಕಸುಬಿನ ಮುಂದಿನ ದಿನಗಳನ್ನು ಕಂಡು. ಈ ಮಾತನ್ನು ಅವರು ಬದುಕಿದ್ದಾಗ ಮಗನಿಗೆ ಬಾಯಿಬಿಟ್ಟು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನಿಸುತ್ತದೆ. ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆದರೆ ಕಸುಬು ಅವರ ಕೈಗೇ ಪೂರ್ತಿ ಮುಗಿದಿರಲಿಲ್ಲ. ಹೆಣ್ಣುಮಗಳಿಗೆ ಉಳಿ ಕೊಡುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಯಾರೂ ಅವಳನ್ನು ತಡೆಯಲಿಲ್ಲ. ರಾತ್ರಿ ಲಾಟೀನು ಹಿಡಿದವಳು, ಗರಗಸ ಎಳೆಯುವಾಗ ಮರದ ಇನ್ನೊಂದು ತುದಿ ಒತ್ತಿ ಹಿಡಿದವಳು, ಕಾಳು ಎಣಿಸಿದವಳು ಹಿರಿಯ ಮಗಳೇ, ನನ್ನ ಹೆಂಡತಿ. ಹೊಟ್ಟನ್ನು ಮೂಸಿ ಇದು ಮತ್ತಿ, ಇದು ಹೊನ್ನೆ ಎಂದು ಹೇಳುವುದು ಅವಳಿಗೆ ಬರುತ್ತದೆ. ಇಪ್ಪತ್ತೆಂಟು ವರ್ಷ ಜೊತೆಗಿದ್ದರೂ ನನಗಿದು ತಿಳಿದದ್ದು ಆ ನಾಲ್ಕು ತಿಂಗಳಲ್ಲಿ. ಪುಸ್ತಿಕೆಯ 24 ಪುಟಗಳಲ್ಲಿ ಹದಿನೈದು ಅವಳು ಹೇಳಿ ನಾನು ಬರೆದವು.

33 ಇಂಚಿನ ಗೀರಿನ ಗುಟ್ಟು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಮಂಚ, ಮೇಜು, ಒಲೆಕಟ್ಟೆ, ಕಿಟಕಿ ಎಲ್ಲಕ್ಕೂ ಕೋಲು ಹಿಡಿದು ನೋಡಿ ಸೋತಿದ್ದೆವು. ಒಂದು ಮಧ್ಯಾಹ್ನ ಅತ್ತೆ ನಮ್ಮ ಪರದಾಟ ನೋಡಿ, ಕೋಲನ್ನು ಕೈಗೆ ತೆಗೆದುಕೊಂಡು ನೆಲಕ್ಕೂರಿ ಪಕ್ಕದಲ್ಲಿ ನಿಂತುಕೊಂಡರು. ಗೀರು ಅವರ ಮೊಣಕೈಗಿಂತ ಮೂರು ಬೆರಳು ಕೆಳಗೆ ಬಂತು. "ಬಟ್ಲು ಇಷ್ಟೆತ್ತರ ಇರ್ಬೇಕು. ಇಲ್ದಿದ್ರೆ ಬಿತ್ತೋಳಿಗೆ ಸಂಜೀಕೆ ಸೊಂಟ ಹೋಗ್ತೈತೆ" ಎಂದರು. ಮದುವೆಯಾದ ಹೊಸದರಲ್ಲಿ ಅವರು ಬೇರೆಯವರ ಹೊಲಗಳಿಗೆ ಬೀಜ ಬಿಡುವ ಕೂಲಿಗೆ ಹೋಗುತ್ತಿದ್ದರು. ಒಂದು ದಿನ ಸೊಂಟ ಹಿಡಿದುಕೊಂಡು ಬಂದದ್ದನ್ನು ಕಂಡು ಮಾವನವರು ಅವರನ್ನು ಅಂಗಳದಲ್ಲಿ ನಿಲ್ಲಿಸಿ ಅಳೆದು ಆ ಗೀರು ಹಾಕಿದ್ದರು. ಆಮೇಲೆ ಕೂರಿಗೆ ಮಾಡಿಸಲು ಯಾರು ಬಂದರೂ ಅವರು ಕೇಳುತ್ತಿದ್ದ ಮೊದಲ ಮಾತು, "ನಿಮ್ಮ ಮನ್ಯಾಗೆ ಬಿತ್ತೋರು ಯಾರು?" ಎಂಬುದು. ನಮ್ಮ ಪಟ್ಟಿಯ ಆರು ಕೂರಿಗೆಗಳ ಬಟ್ಟಲಿನ ಎತ್ತರ ಬೇರೆ ಬೇರೆಯಾಗಿದ್ದದ್ದನ್ನು ಅದುವರೆಗೆ ನಾನು ಕೈಕೆಲಸದ ಏರುಪೇರು ಎಂದು ಬರೆದುಕೊಂಡಿದ್ದೆ. ಆ ಸಾಲನ್ನು ಅಳಿಸಿದೆ.

ಪುಸ್ತಿಕೆಯ ನಂತರ

ಪುಸ್ತಿಕೆಯನ್ನು ದಾವಣಗೆರೆಯಲ್ಲಿ ನೂರು ಪ್ರತಿ ಅಚ್ಚು ಹಾಕಿಸಿ 2023ರ ವರ್ಷದ ಕಾರ್ಯದಲ್ಲಿ ಹಂಚಿದೆವು. ಏಳು ಗೀರುಗಳ ಅಳತೆ, ತಾಳಿನ ಓರೆ ನೋಡಲು ಅವರು ಇಟ್ಟುಕೊಂಡಿದ್ದ ತಗಡಿನ ಅಚ್ಚಿನ ಚಿತ್ರ, ಮೊರವಿಟ್ಟು ಎಣಿಸುವ ಕ್ರಮ ಎಲ್ಲವೂ ಅದರಲ್ಲಿವೆ.

ಮರುವರ್ಷ ಮುಂಗಾರಿಗೆ ಮೊದಲು ಪಕ್ಕದ ಹಳ್ಳಿಯ ರೈತರೊಬ್ಬರು ಆ ಪುಸ್ತಿಕೆಯನ್ನೇ ಹಿಡಿದು ಜಗಳೂರಿನ ಬಡಗಿಯೊಬ್ಬರಲ್ಲಿ ಕೂರಿಗೆ ಮಾಡಿಸಿದರು. ಅವರದು ಎರಡೂವರೆ ಎಕರೆ, ಜೊತೆ ಎತ್ತು ಇನ್ನೂ ಇವೆ. ತಗಡಿನ ಅಚ್ಚಿನ ಚಿತ್ರ ಅಚ್ಚಾಗುವಾಗ ಒಂದೇ ಕಡೆಗೆ ತುಸು ಕುಗ್ಗಿದ್ದರಿಂದ ತಾಳಿನ ಓರೆ ತಪ್ಪಿ ಬೀಜ ಒಂದು ಬೆರಳು ಹೆಚ್ಚು ಆಳಕ್ಕೆ ಬೀಳುತ್ತಿತ್ತು. ಅವರು ನಮ್ಮ ಮನೆಗೆ ಬಂದು ನಿಜವಾದ ಅಚ್ಚನ್ನು ಒಯ್ದು ಸರಿಮಾಡಿಸಿದರು. ಹದಿನೈದು ದಿನಕ್ಕೆ ಮತ್ತೆ ಬಂದರು. ಬೀಜ ಸರಿಯಾಗಿ ಬೀಳುತ್ತಿದೆ, ಆದರೆ ಬಟ್ಟಲು ತಗ್ಗಾಯಿತು, ಮನೆಯಾಕೆ ಬಗ್ಗಿ ಬಗ್ಗಿ ಸೋತಿದ್ದಾಳೆ ಎಂದರು. ಜಗಳೂರಿನ ಬಡಗಿ ಪುಸ್ತಿಕೆಯಲ್ಲಿದ್ದ 33 ಇಂಚನ್ನೇ ಹಿಡಿದಿದ್ದರು. ಆ ಹೆಣ್ಣುಮಗಳು ನಮ್ಮ ಅತ್ತೆಗಿಂತ ಗೇಣುದ್ದ ಎತ್ತರ.

ನನ್ನ ಹೆಂಡತಿ ಬೀಟೆಯ ಕೋಲು ತೆಗೆದುಕೊಂಡು ಅದೇ ಸಂಜೆ ಅವರ ಹಳ್ಳಿಗೆ ಹೋದಳು. ಆ ಹೆಣ್ಣುಮಗಳನ್ನು ಅಂಗಳದಲ್ಲಿ ನಿಲ್ಲಿಸಿ, ಮೊಣಕೈಯಿಂದ ಮೂರು ಬೆರಳು ಇಳಿಸಿ ಅಳೆದಳು. ಮೂವತ್ತೇಳು ಇಂಚು ಬಂತು. ಕೋಲಿನ ಮೇಲೆ ಹೊಸ ಗೀರು ಹಾಕಲು ಅವಳ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಯ ಪ್ರತಿಯಲ್ಲಿ ಅಳತೆಗಳಿರುವ ಪುಟದ ಅಂಚಿಗೆ, 33ರ ಪಕ್ಕದಲ್ಲಿ, ಪೆನ್ಸಿಲಿನಿಂದ 37 ಎಂದು ಬರೆದು, ಕೆಳಗೆ "ಬಿತ್ತುವವರನ್ನು ನಿಲ್ಲಿಸಿ ಅಳೆಯಬೇಕು" ಎಂದು ಸೇರಿಸಿದಳು.